ಪ್ರಾಗ್‌ಗೆ ಬರುವ ಕನ್ನಡದ ಗೆಳೆಯರಿಗೆ: ಪಬ್ ಕ್ರಾಲ್ ಬಿಡಿ, ಪಬ್‌ಗೆ ಬನ್ನಿ

ಪ್ರಾಗ್‌ಗೆ ಬರಲಿರುವ ಗೆಳೆಯ ಗೆಳತಿಯರೇ,

ನಮಸ್ಕಾರ.

ಬೇಸಿಗೆ ಶುರುವಾಯಿತು ಅಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರುತ್ತವೆ. "ಫ್ರೆಂಡ್ಸ್ ಎಲ್ಲ ಸೇರಿ ಯೂರೋಪ್ ಟೂರ್ ಬರ್ತಿದ್ದೀವಿ. ಪ್ರಾಗ್‌ನಲ್ಲಿ ಎರಡು ರಾತ್ರಿ ಇರ್ತೀವಿ. ಯಾವ ಪಬ್ ಕ್ರಾಲ್ ಚೆನ್ನಾಗಿದೆ ಹೇಳಿ." ಪಬ್ ಕ್ರಾಲ್ ಅಂದರೆ ದುಡ್ಡು ಕಟ್ಟಿ, ಗೈಡ್ ಹಿಂದೆ ಗುಂಪಾಗಿ, ಒಂದೇ ರಾತ್ರಿ ಬಾರಿನಿಂದ ಬಾರಿಗೆ ಹೋಗುವ ಪ್ರವಾಸ. ಕೇಳುವವರಲ್ಲಿ ಬೆಂಗಳೂರಿನವರು, ಮೈಸೂರಿನವರು, ಹುಬ್ಬಳ್ಳಿಯವರು ಎಲ್ಲ ಇರುತ್ತಾರೆ. ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಓದುತ್ತಿರುವ ನಮ್ಮ ಹುಡುಗ ಹುಡುಗಿಯರೂ ಇರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ನನ್ನ ಉತ್ತರ ಇಷ್ಟೇ: ಯಾವುದೂ ಬೇಡ. ಈ ಊರಿನ ಪಬ್‌ಗೆ ಖಂಡಿತ ಹೋಗಿ, ಆಸೆ ಇದ್ದರೆ ಬಿಯರ್ ಕುಡಿಯಿರಿ, ಹೊಟ್ಟೆ ತುಂಬ ತಿನ್ನಿ. ಆದರೆ ಅರ್ಧ ಊರಿಗೆ ಕೇಳುವ ಹಾಗೆ ಕೂಗುವ ಗುಂಪಿನಲ್ಲಿ ಸೇರಿ, ಒಂದೇ ರಾತ್ರಿ ನಾಲ್ಕು ಬಾರ್ ಓಡಿ ಮುಗಿಸಬೇಡಿ. ಹಾಗೆ ಓಡಿದವರಿಗೆ ಪ್ರಾಗ್‌ನ ಪಬ್ ಅಂದರೆ ಏನು ಅಂತ ಗೊತ್ತೇ ಆಗುವುದಿಲ್ಲ. ನೋಡಲೆಂದೇ ಅಷ್ಟು ದೂರದಿಂದ ಬಂದು, ನೋಡದೆ ವಾಪಸ್ ಹೋಗುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ.

ಮೊದಲು ನಿಯಮದ ಮಾತು ಮುಗಿಸಿಬಿಡುತ್ತೇನೆ. 2024ರ ಅಕ್ಟೋಬರ್‌ನಲ್ಲಿ ಪ್ರಾಗ್ ನಗರಾಡಳಿತ ಒಂದು ತೀರ್ಮಾನ ತೆಗೆದುಕೊಂಡಿತು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಗೈಡ್ ಕರೆದುಕೊಂಡು ಹೋಗುವ ಪಬ್ ಪ್ರವಾಸಗಳನ್ನು ನಿಷೇಧಿಸಿತು. ನೀವಾಗಿಯೇ ಗೆಳೆಯರ ಜೊತೆ ಪಬ್‌ಗೆ ಹೋದರೆ ಯಾರೂ ತಡೆಯುವುದಿಲ್ಲ. ಹತ್ತು ಗಂಟೆಗೆ ಮುಂಚೆ ಗೈಡ್ ಜೊತೆ ಹೋದರೂ ಈ ನಿಯಮ ಅಡ್ಡ ಬರುವುದಿಲ್ಲ. ತಡೆ ಇರುವುದು ದುಡ್ಡು ತಗೊಂಡು ನಡುರಾತ್ರಿ ಗುಂಪು ಓಡಿಸುವ ವ್ಯಾಪಾರಕ್ಕೆ ಮಾತ್ರ.

ಆಗ ಉಪಮೇಯರ್ ಯಿರ್ಶಿ ಪೊಸ್ಪೀಶಿಲ್ ಹೇಳಿದ ಮಾತಿನ ಸಾರಾಂಶ ಹೀಗಿತ್ತು: ಕುಡಿಯುವುದಕ್ಕೆಂದೇ ಒಂದೆರಡು ದಿನ ಬಂದು ಹೋಗುವವರು ಬೇಡ, ಸಂಸ್ಕೃತಿಯಲ್ಲಿ ಆಸಕ್ತಿ ಇರುವ, ಸ್ವಲ್ಪ ದುಡ್ಡಿರುವ ಪ್ರವಾಸಿಗರು ಬೇಕು. ಮೊದಲ ಅರ್ಧ ನನಗೆ ಒಪ್ಪಿಗೆ. ದುಡ್ಡಿನ ಮಾತು ಒಪ್ಪಿಗೆ ಇಲ್ಲ. ಬ್ಯಾಗು ಹೊತ್ತುಕೊಂಡು, ಹಾಸ್ಟೆಲ್‌ನ ಬಂಕ್ ಬೆಡ್‌ನಲ್ಲಿ ಮಲಗಿ, ಲೆಕ್ಕ ಹಾಕಿ ಖರ್ಚು ಮಾಡುವ ಎಷ್ಟೋ ವಿದ್ಯಾರ್ಥಿಗಳು ಈ ಊರಿಗೆ ಒಳ್ಳೆಯ ಅತಿಥಿಗಳಾಗಿ ಬಂದು ಹೋಗಿದ್ದಾರೆ. ಕೈಯಲ್ಲಿ ದುಡ್ಡು ಕಡಿಮೆ ಇರುವವರು ನಡತೆಯಲ್ಲೂ ಕಡಿಮೆ ಅಂತ ಯಾಕೆ ಅಂದುಕೊಳ್ಳಬೇಕು? ನಿಯಮ ಮಾತ್ರ ಸರಿಯಾಗೇ ಇದೆ.

ಯಾಕೆ ಸರಿ ಅಂತ ಹೇಳುತ್ತೇನೆ. ಪ್ರಾಗ್‌ನ ಹಳೆ ಊರು ಬರೀ ನೋಡುವ ಜಾಗ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲಿ ಜನ ವಾಸ ಮಾಡುತ್ತಾರೆ. ಹಳೆ ಊರು ಸೇರಿದ ಪ್ರಾಗ್ 1 ಎಂಬ ವಾರ್ಡಿನಲ್ಲಿ ಈಗ ಉಳಿದಿರುವವರು ಸುಮಾರು 30 ಸಾವಿರ ಮಂದಿ. ಇಡೀ ಪ್ರಾಗ್‌ಗೆ ಬಂದು ಹೋಟೆಲು, ಹಾಸ್ಟೆಲ್‌ಗಳಲ್ಲಿ ತಂಗುವವರು ವರ್ಷಕ್ಕೆ ಸುಮಾರು 80 ಲಕ್ಷ. ಅದರಲ್ಲಿ ಎಷ್ಟೋ ಜನ ರಾತ್ರಿ ಹೊತ್ತು ಸುತ್ತುವುದು ಅದೇ ನಾಲ್ಕಾರು ಬೀದಿಗಳಲ್ಲಿ. ದ್ಲೌಹಾ ಬೀದಿ ಮತ್ತು ಅದರ ಅಕ್ಕಪಕ್ಕದ ಓಣಿಗಳು ಅದಕ್ಕೇ ಹೆಸರಾಗಿವೆ. ಕೆಳಗೆ ಬಾರು, ಮೇಲೆ ಮನೆ. ಓಣಿ ಕಿರಿದು, ಎರಡೂ ಕಡೆ ಕಲ್ಲಿನ ಗೋಡೆ, ಕೆಳಗೂ ಕಲ್ಲು ಹಾಸು. ಒಬ್ಬ ಕೂಗಿದರೆ ಹತ್ತು ಜನ ಕೂಗಿದ ಹಾಗೆ ಕೇಳುತ್ತದೆ.

ಚೆಕ್ ದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡಬಾರದು ಅಂತ ಕಾನೂನೇ ಇದೆ. ನೊಚ್ನೀ ಕ್ಲಿದ್ ಅನ್ನುತ್ತಾರೆ. ಇಲ್ಲಿಯವರು ಅದನ್ನು ನಿಜವಾಗಿಯೂ ಪಾಲಿಸುತ್ತಾರೆ. ಹತ್ತು ಗಂಟೆಯಾಯಿತು ಅಂದರೆ ಎಷ್ಟೋ ಪಬ್‌ಗಳಲ್ಲಿ ಹೊರಗಿನ ಟೇಬಲ್‌ನವರನ್ನು ಒಳಗೆ ಕರೆಯುತ್ತಾರೆ. ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. 2017ರ ಮೇ 31ರಿಂದ ಪಬ್ ಒಳಗೆ ಸಿಗರೇಟು ಸೇದುವಂತಿಲ್ಲ. ಒಳ್ಳೆಯ ಕಾನೂನು. ಆದರೆ ಅಲ್ಲಿಂದ ಸೇದುವವರೆಲ್ಲ ಗ್ಲಾಸು ಹಿಡಿದುಕೊಂಡು ಬಾಗಿಲ ಹೊರಗೆ ಬಂದು ನಿಂತರು. ಒಳಗಿದ್ದ ಮಾತು, ನಗು ಬೀದಿಗೆ ಬಂತು. ಇಂಥ ಬೀದಿಗೆ ಇನ್ನೂ ಐವತ್ತು ಜನರ ಗುಂಪು ಹಾಡು ಹೇಳುತ್ತಾ ಬಂದರೆ ಮೇಲೆ ಮಲಗಿರುವವರ ಗತಿ ಏನು ಯೋಚಿಸಿ. ಇಂದಿರಾನಗರದ ನಿವಾಸಿಗಳು ಪಬ್‌ಗಳ ಸದ್ದಿನ ವಿರುದ್ಧ ಹೋರಾಡಿದ್ದನ್ನು ನಾವೆಲ್ಲ ಓದಿದ್ದೇವೆ. ಅವರ ಸಂಕಟ ಅರ್ಥವಾದವರಿಗೆ ಪ್ರಾಗ್‌ನವರ ಸಂಕಟವೂ ಅರ್ಥವಾಗಬೇಕು, ಅಲ್ವಾ?

ಪ್ರಾಗ್ ಒಂದೇ ಹೀಗೆ ಮಾಡಿದ್ದಲ್ಲ. 2020ರ ಜನವರಿಯಲ್ಲಿ ಸ್ಪೇನ್‌ನ ಬಾಲಿಯಾರಿಕ್ ದ್ವೀಪಗಳ ಸರ್ಕಾರ ಮಯೋರ್ಕಾದ ಮಗಲೂಫ್, ಇಬೀಜಾದ ಸಾನ್ ಆಂಟೋನಿಯೋ ಥರದ ಜಾಗಗಳಲ್ಲಿ ಪಬ್ ಕ್ರಾಲನ್ನೂ, "ಹ್ಯಾಪಿ ಅವರ್" ಅನ್ನುವ ಅಗ್ಗದ ಮದ್ಯದ ಹೊತ್ತನ್ನೂ ನಿಲ್ಲಿಸಿತು. ಬಾರ್ಸಿಲೋನಾದ ಹಳೆ ಊರಿನಲ್ಲೂ ಕ್ರಾಲ್‌ಗೆ ತಡೆ ಇದೆ. ಆಮ್‌ಸ್ಟರ್‌ಡ್ಯಾಮ್ 2017ರಲ್ಲಿ ತನ್ನ ನಡುಭಾಗದಿಂದ, ಗುಂಪಾಗಿ ಕೂತು ಕುಡಿಯುತ್ತಾ ತುಳಿಯುವ ಬಿಯರ್ ಸೈಕಲ್‌ಗಳನ್ನು ಹೊರಗೆ ಹಾಕಿತು. 2023ರಲ್ಲಿ ಕುಡಿದು ಕುಣಿಯಲೆಂದೇ ಬರುವ ಬ್ರಿಟನ್ನಿನ ಹುಡುಗರಿಗೆ ದಯವಿಟ್ಟು ದೂರ ಇರಿ ಅಂತ ಜಾಹೀರಾತನ್ನೇ ಕೊಟ್ಟಿತು. ಅತಿಥಿಗಳಿಂದಲೇ ಹೊಟ್ಟೆ ಹೊರೆಯುವ ಊರುಗಳು ಹೀಗೆ ಕೈ ಮುಗಿದು ಬೇಡ ಅನ್ನುತ್ತಿವೆ ಅಂದರೆ ಸುಮ್ನೆ ಅನ್ನುತ್ತಿಲ್ಲ.

ಈಗ ಕ್ರಾಲ್ ಒಳಗೆ ಏನು ನಡೆಯುತ್ತದೆ ಅಂತ ನೋಡೋಣ. ಟಿಕೆಟ್ ಬೆಲೆ ಹೆಚ್ಚುಕಡಿಮೆ 25 ಯೂರೋ, ಅಂದರೆ 600 ಚೆಕ್ ಕ್ರೌನ್‌ಗೂ ಜಾಸ್ತಿ. ಸಾಮಾನ್ಯವಾಗಿ ಹಳೆ ಊರಿನ ಚೌಕದ ಹತ್ತಿರ, ಆ ಪ್ರಸಿದ್ಧ ಗಡಿಯಾರದ ಸುತ್ತಮುತ್ತ, ಗುಂಪು ಸೇರಿಸುತ್ತಾರೆ. ಮೊದಲ ಬಾರ್‌ನಲ್ಲಿ ಒಂದೋ ಎರಡೋ ಗಂಟೆ ಬೇಕಾದಷ್ಟು ಕುಡಿಯಬಹುದು ಅನ್ನುತ್ತಾರೆ. ಬಿಯರ್, ವೈನ್, ವೋಡ್ಕಾ, ಆಬ್ಸಿಂತ್ ಅನ್ನುವ ಹಸಿರು ಬಣ್ಣದ ಕಡು ಮದ್ಯ. ಆಮೇಲೆ ಎರಡು ಮೂರು ಬಾರು, ಪ್ರತಿ ಬಾಗಿಲಲ್ಲೂ ಒಂದು ಪುಕ್ಕಟೆ ಶಾಟ್. ಕೊನೆಗೆ ಒಂದು ಕ್ಲಬ್ಬು. ಎಲ್ಲರಿಗೂ ಒಂದೇ ಥರದ ಟೀ ಶರ್ಟು.

ಬಾರುಗಳನ್ನು ಆರಿಸುವುದು ಹೇಗೆ? ಅಲ್ಲಿ ಬಿಯರ್ ಚೆನ್ನಾಗಿದೆ ಅಂತಲ್ಲ, ಊರಿನವರು ಅಲ್ಲಿಗೆ ಹೋಗುತ್ತಾರೆ ಅಂತಲೂ ಅಲ್ಲ. ಅಷ್ಟು ದೊಡ್ಡ ಗುಂಪನ್ನು ಒಳಗೆ ಬಿಡುವ, ಗುಂಪು ತಂದವರಿಗೆ ಕಮಿಷನ್ ಕೊಡುವ ಬಾರ್ ಬೇಕು. ವಾರದ ನಡುವೆ ಖಾಲಿ ಹೊಡೆಯುವ ಬಾರಿಗೂ ಅದರಿಂದ ಅನುಕೂಲ. ಬಂದವರು ಪುಕ್ಕಟೆ ಶಾಟ್ ಜೊತೆ ದುಡ್ಡು ಕೊಟ್ಟು ಇನ್ನೊಂದೆರಡು ಕೊಳ್ಳುತ್ತಾರೆ. ಅಷ್ಟರಲ್ಲಿ ಹೊರಡುವ ಹೊತ್ತಾಗುತ್ತದೆ. ಗ್ಲಾಸಿನಲ್ಲಿ ಉಳಿದಿದ್ದನ್ನು ಒಂದೇ ಸಲ ಗಂಟಲಿಗೆ ಸುರಿದುಕೊಂಡು ಮುಂದಿನ ಬಾರಿಗೆ ಓಡಬೇಕು. ಈ ವ್ಯಾಪಾರ ನಡೆಯುವುದೇ ಆ ಅವಸರದ ಮೇಲೆ.

ಗೈಡ್‌ಗಳನ್ನು ನಾನು ಬಯ್ಯುವುದಿಲ್ಲ. ಅವರಲ್ಲಿ ತುಂಬ ಜನ ಬೇರೆ ದೇಶದಿಂದ ಓದಲು ಬಂದವರು, ಇಲ್ಲವೇ ಕೆಲವು ತಿಂಗಳು ದುಡಿದು ಮುಂದೆ ಹೋಗುವ ಹುಡುಗರು. ಗುಂಪಿಗೆ ಒಬ್ಬರೋ ಇಬ್ಬರೋ ಇರುತ್ತಾರೆ. ಮುಂದೆ ನಡೆಯಬೇಕು, ಕೂಗಿ ಕರೆಯಬೇಕು, ಆಟ ಆಡಿಸಬೇಕು. ಹಿಂದೆ ಉಳಿದವರನ್ನು ನೋಡಿಕೊಳ್ಳಲು ಅವರಿಗೆ ಕೈ ಸಾಲುವುದಿಲ್ಲ.

ಒಂದು ರಾತ್ರಿ ಟ್ರಾಮ್ ಇಳಿದು ಮನೆಗೆ ನಡೆದು ಬರುತ್ತಿದ್ದೆ. ಓಣಿಯ ಮೂಲೆಯ ಮೆಟ್ಟಿಲ ಮೇಲೆ ಒಬ್ಬ ಹುಡುಗ ಒರಗಿಕೊಂಡಿದ್ದ. ಮೈಮೇಲೆ ಅದೇ ಕ್ರಾಲ್ ಟೀ ಶರ್ಟು. ಫೋನ್ ಚಾರ್ಜ್ ಮುಗಿದಿತ್ತು. ಬಾಯಲ್ಲಿ ಅಮ್ಮಾ ಅನ್ನುವುದು ಕೇಳಿ ಹತ್ತಿರ ಹೋದೆ. ನಮ್ಮವನೇ. ವಾಂತಿ ಮಾಡಿಕೊಂಡಿದ್ದ, ಕರೆದರೆ ಕಣ್ಣು ಸರಿಯಾಗಿ ಬಿಡುತ್ತಿರಲಿಲ್ಲ. ಜೊತೆಗಿದ್ದವರು ಮುಂದಿನ ಬಾರಿಗೆ ಹೋಗಿಬಿಟ್ಟಿದ್ದರು. ಅವನು ಹಿಂದೆ ಬರುತ್ತಿದ್ದಾನೆ ಅಂತ ಅವರು ಅಂದುಕೊಂಡಿದ್ದಿರಬೇಕು. ಮಗ್ಗುಲಾಗಿ ಮಲಗಿಸಿ 155ಕ್ಕೆ ಫೋನ್ ಮಾಡಿದೆ. ಆಂಬುಲೆನ್ಸ್ ಬಂತು, ಅವನು ಬದುಕಿಕೊಂಡ. ಅದು ಚಳಿಗಾಲ. ಆ ದಾರಿಯಲ್ಲಿ ಯಾರೂ ಬರದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಅವನು ಕುಡುಕ ಅಲ್ಲ. ಲೆಕ್ಕ ತಪ್ಪಿತು, ಅಷ್ಟೇ. ಆ ಲೆಕ್ಕ ಎಲ್ಲರಿಗೂ ಗೊತ್ತಿರಲಿ. ಶೇಕಡ 5ರ ಅರ್ಧ ಲೀಟರ್ ಬಿಯರ್‌ನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ. ನಮ್ಮ ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 7ರಿಂದ 10 ಗ್ರಾಂ. ಅಂದರೆ ಒಂದು ಬಿಯರ್ ಪೂರ್ತಿ ಇಳಿಯಲು ಎರಡು ಗಂಟೆ ಮೇಲೆ ಬೇಕು. ಈಗ ಶೇಕಡ 60ರ ಆಬ್ಸಿಂತ್ ತಗೊಳ್ಳಿ. 40 ಮಿಲಿ ಲೀಟರ್‌ನ ಒಂದೇ ಒಂದು ಶಾಟ್‌ನಲ್ಲೂ ಹತ್ತಿರ ಹತ್ತಿರ ಅಷ್ಟೇ ಆಲ್ಕೋಹಾಲ್ ಇದೆ. ಬಿಯರ್ ಅರ್ಧ ಲೀಟರ್ ಕುಡಿಯಲು ಹೊತ್ತು ಬೇಕು, ಹೊಟ್ಟೆ ತುಂಬಿದ ಹಾಗಾಗುತ್ತದೆ, ದೇಹ ತಾನೇ ಸಾಕು ಅನ್ನುತ್ತದೆ. ಶಾಟ್ ಎರಡು ಸೆಕೆಂಡಿನಲ್ಲಿ ಒಳಗೆ ಹೋಗುತ್ತದೆ. ಒಂದು ಗಂಟೆಯಲ್ಲಿ ಎರಡು ಬಿಯರ್, ಮೂರು ಶಾಟ್ ಇಳಿಸಿದವರು ಎದ್ದು ನಡೆಯುವಾಗ ಇನ್ನೂ ಚೆನ್ನಾಗೇ ಇದ್ದೇನೆ ಅಂದುಕೊಂಡಿರಬಹುದು. ಪೂರ್ತಿ ಏರುವುದು ಆಮೇಲೆ, ಬೀದಿಯಲ್ಲಿ. ಅಷ್ಟು ಹೊತ್ತಿಗೆ ಗುಂಪು ಮುಂದೆ ಹೋಗಿರುತ್ತದೆ.

ಬಹಳಷ್ಟು ಪ್ರವಾಸ ವಿಮೆಗಳಲ್ಲಿ ಕುಡಿದಾಗ ಆದ ಅನಾಹುತಕ್ಕೆ ಪರಿಹಾರ ಕೊಡುವುದಿಲ್ಲ. ಪಾಲಿಸಿ ಕಾಗದ ತೆಗೆದು ಒಮ್ಮೆ ಓದಿ. ಕುಡಿದು ಬಿದ್ದವರನ್ನು ರಾತ್ರಿ ಇಟ್ಟುಕೊಂಡು ನೋಡಿಕೊಳ್ಳುವ ಕೇಂದ್ರ ಪ್ರಾಗ್‌ನಲ್ಲಿದೆ. ಯಾರೊಸ್ಲಾವ್ ಸ್ಕಾಲಾ ಅನ್ನುವ ವೈದ್ಯರು 1951ರಲ್ಲಿ ಇಲ್ಲಿ ಶುರು ಮಾಡಿದ ಅಂಥ ಕೇಂದ್ರವನ್ನು ಜಗತ್ತಿನಲ್ಲೇ ಮೊದಲನೆಯದು ಅನ್ನುತ್ತಾರೆ. ಜೀವ ಉಳಿಸುವ ಜಾಗ ಅದು, ಗೌರವ ಇದೆ. ಆದರೆ ಬಿಲ್ಲು ಕಟ್ಟಬೇಕಾದವರು ನೀವೇ. ಇನ್ನು ಕುಡಿದ ಮೇಲೆ ಗಾಡಿ ಮುಟ್ಟಬೇಡಿ. ಚೆಕ್ ದೇಶದಲ್ಲಿ ಗಾಡಿ ಓಡಿಸುವವರ ರಕ್ತದಲ್ಲಿ ಆಲ್ಕೋಹಾಲ್ ಸೊನ್ನೆ ಇರಬೇಕು. ಸೈಕಲ್‌ನ್ನೂ ಇ-ಸ್ಕೂಟರನ್ನೂ ಮುಟ್ಟಬೇಡಿ.

ಇಷ್ಟು ಹೇಳಿದ್ದು ಹೆದರಿಸಲು ಅಲ್ಲ. ನಿಜವಾಗಿ ಹೇಳಬೇಕಾದ್ದು ಇನ್ನು ಮುಂದೆ ಇದೆ.

ಇಲ್ಲಿಯವರು ಪಬ್‌ಗೆ ಹೊಸ್ಪೊದಾ ಅನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಅರಳಿಕಟ್ಟೆ ಹೇಗೋ ಇಲ್ಲಿ ಹೊಸ್ಪೊದಾ ಹಾಗೆ. ಬೀದಿಯ ಸುದ್ದಿ, ರಾಜಕೀಯ, ಫುಟ್‌ಬಾಲು, ಐಸ್ ಹಾಕಿ, ಮದುವೆ, ಸಾವು ಎಲ್ಲ ಅಲ್ಲೇ ಮಾತಾಗುತ್ತದೆ. ಪ್ಲಂಬರ್, ಪ್ರೊಫೆಸರ್, ಟ್ರಾಮ್ ಡ್ರೈವರ್ ಒಂದೇ ಟೇಬಲ್‌ನಲ್ಲಿ ಕೂರುತ್ತಾರೆ. ತಲೆಗೆ ಲೆಕ್ಕ ಹಾಕಿದರೆ ಜಗತ್ತಿನಲ್ಲಿ ಅತಿ ಹೆಚ್ಚು ಬಿಯರ್ ಕುಡಿಯುವವರು ಚೆಕ್ ಜನ. ವರ್ಷಕ್ಕೆ ಒಬ್ಬರಿಗೆ ಸುಮಾರು 125 ಲೀಟರ್. ಮೊದಲು ಇನ್ನೂ ಜಾಸ್ತಿ ಇತ್ತು, ಈಗ ಇಳಿಯುತ್ತಿದೆ. ಅಷ್ಟು ಕುಡಿದರೆ ಆರೋಗ್ಯಕ್ಕೆ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಆದರೆ ಅವರು ಕುಡಿಯುವ ರೀತಿ ಬೇರೆ. ಒಂದು ಜಾಗ, ಒಂದು ಕುರ್ಚಿ, ಒಂದು ಸಂಜೆ. ಅಲ್ಲಿಂದ ಎದ್ದರೆ ಮನೆ.

ಒಳಗೆ ಹೋದ ತಕ್ಷಣ ಖಾಲಿ ಟೇಬಲ್ ಹುಡುಕುತ್ತಾ ನಿಲ್ಲಬೇಡಿ. ಬೇರೆಯವರ ಟೇಬಲ್‌ನಲ್ಲಿ ಜಾಗ ಇದ್ದರೆ "ಯೆ ತು ವೊಲ್ನೊ?" ಅಂತ ಕೇಳಿ, ಅಂದರೆ ಇಲ್ಲಿ ಖಾಲಿ ಇದೆಯಾ ಅಂತ. ತಲೆ ಆಡಿಸಿದರೆ ಕೂತುಕೊಳ್ಳಿ. ಟೇಬಲ್ ಮೇಲೆ ರಿಸರ್ವ್ ಚೀಟಿ ಇದ್ದರೆ ಬಿಟ್ಟುಬಿಡಿ. ದಿನಾ ಬರುವ ಗಿರಾಕಿಗಳದ್ದು ಅದು. ಮುಂದೆ ಒಂದು ರಟ್ಟಿನ ಬಿಲ್ಲೆ ಇಟ್ಟುಕೊಂಡರೆ ಬಿಯರ್ ಬೇಕು ಅಂತ ಅರ್ಥ. ಕೆಲವು ಕಡೆ ನೀವು ಬಾಯಿ ಬಿಡುವ ಮುಂಚೆಯೇ ಗ್ಲಾಸು ಬಂದು ಕೂರುತ್ತದೆ. ವೇಟರ್ ಒಂದು ಉದ್ದ ಚೀಟಿಯಲ್ಲಿ ಪೆನ್ನಿನಿಂದ ಗೀಟು ಹಾಕುತ್ತಾರೆ. ಒಂದು ಬಿಯರಿಗೆ ಒಂದು ಗೀಟು. ಆ ಚೀಟಿ ಜೋಪಾನ, ಅದೇ ನಿಮ್ಮ ಬಿಲ್ಲು. ಗ್ಲಾಸು ಖಾಲಿಯಾಗುತ್ತಾ ಬಂದ ಹಾಗೆ ಇನ್ನೊಂದು ಬರುತ್ತದೆ. ಸಾಕು ಅನ್ನಿಸಿದರೆ ಆ ರಟ್ಟಿನ ಬಿಲ್ಲೆಯನ್ನು ಗ್ಲಾಸಿನ ಮೇಲೆ ಇಡಿ. ಯಾರೂ ಬಲವಂತ ಮಾಡುವುದಿಲ್ಲ.

ವೇಟರ್ ಮುಖ ಗಂಟು ಹಾಕಿಕೊಂಡಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಊರಿನವರ ಜೊತೆಗೂ ಹಾಗೇ ಇರುತ್ತಾರೆ. ಬಣ್ಣದ ವ್ಯತ್ಯಾಸಕ್ಕೆ ಅಂತ ಕೆಲವರು ತಪ್ಪು ತಿಳಿಯುತ್ತಾರೆ. ಹಾಗೆ ಎಂದೂ ಆಗುವುದೇ ಇಲ್ಲ ಅಂತ ನಾನು ಹೇಳಲಾರೆ. ಆದರೆ ಚೆಕ್ ಪಬ್‌ನಲ್ಲಿ ನಗು ನಿಧಾನಕ್ಕೆ ಬರುತ್ತದೆ. ಎರಡನೇ ಸಲ ಅದೇ ಜಾಗಕ್ಕೆ ಹೋದರೆ ನಿಮಗೇ ಗೊತ್ತಾಗುತ್ತದೆ.

ಬಿಯರ್ ಪಟ್ಟಿಯಲ್ಲಿ 10, 11, 12 ಅಂತ ಡಿಗ್ರಿ ಬರೆದಿರುತ್ತದೆ. ನಮ್ಮವರು ಅದನ್ನು ಶೇಕಡ 12 ಆಲ್ಕೋಹಾಲ್ ಅಂತ ತಿಳಿದು ಗಾಬರಿಯಾಗುತ್ತಾರೆ. ಅದು ಬಿಯರ್ ಹುದುಗುವ ಮುಂಚೆ ರಸದಲ್ಲಿ ಎಷ್ಟು ಸಕ್ಕರೆ ಅಂಶ ಇತ್ತು ಅನ್ನುವ ಲೆಕ್ಕ. 10 ಡಿಗ್ರಿಯದರಲ್ಲಿ ಆಲ್ಕೋಹಾಲ್ ಶೇಕಡ 4ರ ಆಸುಪಾಸು, 12ರದ್ದರಲ್ಲಿ 5ರ ಆಸುಪಾಸು. ಜಾಸ್ತಿ ಹೊತ್ತು ಕೂರುವ ಮನಸ್ಸಿದ್ದರೆ 10ರದ್ದೇ ಹೇಳಿ.

ನೊರೆ ಜಾಸ್ತಿ ಹಾಕಿ ಮೋಸ ಮಾಡಿದರು ಅಂತ ಜಗಳಕ್ಕೆ ಹೋಗಬೇಡಿ. ಇಲ್ಲಿ ನೊರೆ ಬಿಯರ್‌ನ ಭಾಗ. ಗ್ಲಾಸಿನ ಮೇಲೆ ಮೂರು ಬೆರಳಿನಷ್ಟು ದಟ್ಟ, ಒದ್ದೆ ನೊರೆ ನಿಲ್ಲಬೇಕು. ಅದು ಬಿಯರಿಗೆ ಗಾಳಿ ತಾಗದ ಹಾಗೆ ಕಾಯುತ್ತದೆ, ಕಹಿಯನ್ನು ಮೆತ್ತಗೆ ಮಾಡುತ್ತದೆ. ಹಾಗೆ ಸುರಿದದ್ದಕ್ಕೆ ಹ್ಲಾದಿಂಕಾ ಅನ್ನುತ್ತಾರೆ. ನೊರೆಯೇ ಜಾಸ್ತಿ, ಬಿಯರ್ ಕಡಿಮೆ ಇರುವುದು ಶ್ನಿತ್. ಪೂರ್ತಿ ನೊರೆಯೇ ಇರುವುದು ಮ್ಲೀಕೊ. ಬಿಯರ್ ಬೇಯಿಸುವವನು ಒಬ್ಬ, ಅದನ್ನು ಬಿಯರ್ ಮಾಡುವವನು ಪಬ್‌ನವನು ಅಂತ ಚೆಕ್ ಗಾದೆಯೇ ಇದೆ. ನಲ್ಲಿಯ ಹತ್ತಿರ ನಿಂತವರ ಕೈ ಕೆಲಸ ಐದು ನಿಮಿಷ ನೋಡಿ. ಗ್ಲಾಸು ತಣ್ಣೀರಲ್ಲಿ ತೊಳೆದು, ಓರೆ ಹಿಡಿದು, ಒಂದೇ ಪಟ್ಟಿನಲ್ಲಿ ತುಂಬುತ್ತಾರೆ. ಓಡುವ ಗುಂಪಿನಲ್ಲಿ ಪ್ಲಾಸ್ಟಿಕ್ ಲೋಟ ಹಿಡಿದವರಿಗೆ ಇದು ಎಲ್ಲಿ ಕಾಣಬೇಕು?

ಹೊನ್ನಿನ ಬಣ್ಣದ ಲಾಗರ್ ಬಿಯರ್ ಹುಟ್ಟಿದ್ದೇ ಈ ದೇಶದಲ್ಲಿ. ಪ್ಲ್ಜೆನ್ ಅನ್ನುವ ಊರಿನಲ್ಲಿ ಬಿಯರ್ ಎಷ್ಟು ಕೆಟ್ಟಿತ್ತು ಅಂದರೆ 1838ರಲ್ಲಿ ಪೀಪಾಯಿಗಟ್ಟಲೆ ಬಿಯರನ್ನು ಊರ ನಡುವೆ ಚೆಲ್ಲಿದರು. ಆಮೇಲೆ ಊರಿನವರೇ ಸೇರಿ ಹೊಸ ಬಿಯರ್ ಕಾರ್ಖಾನೆ ಕಟ್ಟಿದರು. ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬುವರನ್ನು ಕರೆಸಿದರು. 1842ರ ಅಕ್ಟೋಬರ್‌ನಲ್ಲಿ ಅವರು ಬೇಯಿಸಿದ ಬಿಯರ್‌ನ ವಂಶದವೇ ಇವತ್ತು ಜಗತ್ತಿನ ಮೂಲೆ ಮೂಲೆಯಲ್ಲಿ ಸಿಗುವ ಪಿಲ್ಸ್ನರ್‌ಗಳು. ಬೆಂಗಳೂರಿನಲ್ಲಿ ನೀವು ಕುಡಿಯುವ ಲಾಗರ್ ಕೂಡ ಅದೇ ಮನೆತನದ್ದು.

ಎಲ್ಲಿ ಕೂರಬೇಕು? ಹಳೆ ಊರಿನ ಹುಸೋವಾ ಬೀದಿಯಲ್ಲಿ ಉ ಜ್ಲಾತೇಹೊ ತಿಗ್ರಾ ಇದೆ. 1994ರ ಜನವರಿಯಲ್ಲಿ ಚೆಕ್ ಅಧ್ಯಕ್ಷ ವಾತ್ಸ್ಲಾವ್ ಹಾವೆಲ್ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರನ್ನು ಕರೆದುಕೊಂಡು ಬಂದು ಕೂರಿಸಿದ್ದು ಇದೇ ಬೆಂಚುಗಳ ಮೇಲೆ. ಮಧ್ಯಾಹ್ನ ಮೂರಕ್ಕೆ ಬಾಗಿಲು ತೆಗೆಯುತ್ತಾರೆ, ಅದಕ್ಕೆ ಮುಂಚೆಯೇ ಸಾಲು ನಿಂತಿರುತ್ತದೆ. ಸಾಲಿನಲ್ಲಿ ನಿಂತರೆ ಜಾಗ ಸಿಗಬಹುದು. ಹೊಸ ಊರಿನ ಉ ಫ್ಲೆಕೂ 1499ರಿಂದ ಇದೆ. ತಾನೇ ಬೇಯಿಸಿದ ಕಪ್ಪು ಬಿಯರ್ ಕೊಡುತ್ತದೆ. ಅಲ್ಲಿ ಪ್ರವಾಸಿಗರೇ ಜಾಸ್ತಿ, ಬೆಲೆಯೂ ಜಾಸ್ತಿ, ಆದರೂ ಆ ಬಿಯರಿಗಾಗಿ ಒಮ್ಮೆ ಹೋಗಬಹುದು. ನನಗೆ ಕೇಳಿದರೆ ಟ್ರಾಮ್ ಹತ್ತಿ ಜಿಜ್ಕೋವ್‌ಗೋ ವಿನೊಹ್ರಾದಿಗೋ ಹೋಗಿ, ಎರಡೂ ಪ್ರಾಗ್‌ನ ಬಡಾವಣೆಗಳು. ಹೆಸರು ಬೇಕಿಲ್ಲ. ಕಿಟಕಿಯಲ್ಲಿ ಇಣುಕಿ, ಒಳಗೆ ವಯಸ್ಸಾದವರು ಚೆಕ್ ಭಾಷೆಯಲ್ಲಿ ಮಾತಾಡುತ್ತಾ ಕೂತಿದ್ದರೆ ಒಳಗೆ ಹೋಗಿ. ಅಲ್ಲಿ ಅರ್ಧ ಲೀಟರ್ ಬಿಯರ್ 60-70 ಕ್ರೌನ್ ಆಸುಪಾಸು. ಕ್ರಾಲ್ ಟಿಕೆಟ್ಟಿನ ದುಡ್ಡಿಗೆ ಇಬ್ಬರು ಎರಡೆರಡು ಬಿಯರ್ ಕುಡಿದು ಊಟದ ಖರ್ಚಿನಲ್ಲೂ ಒಂದು ಪಾಲು ಮುಗಿಸಬಹುದು. ಬೇಸಿಗೆಯಾದರೆ ಲೆತ್ನಾ ಗುಡ್ಡದ ಮೇಲಿನ ಬಿಯರ್ ಗಾರ್ಡನ್. ಮರಗಳ ಕೆಳಗೆ ಬೆಂಚು, ಎದುರಿಗೆ ವ್ಲ್ತಾವಾ ನದಿ, ಸೇತುವೆಗಳು.

ಸಸ್ಯಾಹಾರಿಗಳಿಗೆ ಏನಿದೆ ಅಂತ ಕೇಳುತ್ತೀರಿ. ಮಾಂಸದ ದೇಶ ಇದು, ನಿಜ. ಆದರೆ ಪಬ್‌ನಲ್ಲಿ ಉಪವಾಸ ಬೀಳುವುದಿಲ್ಲ. ನಕ್ಲಾದನೀ ಹೆರ್ಮೆಲೀನ್ ಅಂತ ಇದೆ. ಮೆತ್ತನೆ ಚೀಸನ್ನು ಈರುಳ್ಳಿ, ಮೆಣಸಿನಕಾಯಿ, ಮಸಾಲೆ ಹಾಕಿದ ಎಣ್ಣೆಯಲ್ಲಿ ದಿನಗಟ್ಟಲೆ ನೆನೆಸಿಟ್ಟಿರುತ್ತಾರೆ. ಬ್ರೆಡ್ ಜೊತೆ ತಿಂದರೆ ನಮ್ಮ ನಾಲಿಗೆಗೆ ಸರಿಹೋಗುತ್ತದೆ. ಸ್ಮಜೆನೀ ಸೀರ್ ಅಂದರೆ ಕರಿದ ಚೀಸು, ಜೊತೆಗೆ ಆಲೂಗಡ್ಡೆ. ಬ್ರಂಬೋರಾಕ್ ಬೆಳ್ಳುಳ್ಳಿ ಹಾಕಿ ಮಾಡಿದ ಆಲೂಗಡ್ಡೆ ದೋಸೆ. ಹಂದಿ ಕೊಬ್ಬಿನಲ್ಲಿ ಕರಿದಿದ್ದಾರಾ ಅಂತ ಕೇಳಿಕೊಳ್ಳಿ. ಬೆಳ್ಳುಳ್ಳಿ ಸಾರು ಮಾಂಸದ ನೀರಿನಲ್ಲಿ ಮಾಡಿರಬಹುದು, ಅದನ್ನೂ ಕೇಳಿ.

ಕುಡಿಯದವರೂ ಬನ್ನಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದರೆ ಗುಂಪಿನಲ್ಲಿ ಕುಡಿಯದ ಒಬ್ಬರಿದ್ದರೆ ಅವರನ್ನು ಹಾಸ್ಟೆಲ್‌ನಲ್ಲಿ ಬಿಟ್ಟು ಬರುವುದನ್ನು ನೋಡಿದ್ದೇನೆ. ಹೊಸ್ಪೊದಾದಲ್ಲಿ ಕೊಫೊಲಾ ಸಿಗುತ್ತದೆ. 1960ರಲ್ಲಿ ಈ ದೇಶದಲ್ಲೇ ಹುಟ್ಟಿದ, ಗಿಡಮೂಲಿಕೆ ವಾಸನೆಯ ತಂಪು ಪಾನೀಯ. ಎಷ್ಟೋ ಕಡೆ ಬಿಯರ್ ಥರವೇ ನಲ್ಲಿಯಿಂದ ಬರುತ್ತದೆ. ಆಲ್ಕೋಹಾಲ್ ಇಲ್ಲದ ಬಿಯರ್ ಕೂಡ ಎಲ್ಲ ಕಡೆ ಇದೆ. ಅದನ್ನು ಹಿಡಿದು ಕೂತವರನ್ನು ಇಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಪಬ್ ಕ್ರಾಲ್‌ನಲ್ಲಿ ಅವರಿಗೆ ಜಾಗವೇ ಇಲ್ಲ.

ಹಾಗಂತ ಗೈಡ್ ಜೊತೆ ಪಬ್ ಸುತ್ತುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಡಬ್ಲಿನ್‌ಗೆ ಹೋದರೆ ಅಲ್ಲಿನ ಲಿಟರರಿ ಪಬ್ ಕ್ರಾಲ್‌ಗೆ ಹೋಗಿ. 1988ರಿಂದ ನಡೆಯುತ್ತಿದೆ. ಡ್ಯೂಕ್ ಅನ್ನುವ ಪಬ್‌ನಲ್ಲಿ ಶುರು. ನಟರು ಮುಂದೆ ನಿಂತು ಐರಿಷ್ ಲೇಖಕರ ಸಾಲುಗಳನ್ನು ಆಡಿ ತೋರಿಸುತ್ತಾರೆ, ಹಾಡು ಹೇಳುತ್ತಾರೆ. ನಾಲ್ಕೈದು ಪಬ್ಬು, ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ. ಮಧ್ಯೆ ಒಂದು ಗ್ಲಾಸು ಬೇಕಿದ್ದರೆ ಕೊಳ್ಳಬಹುದು, ಬೇಡದಿದ್ದರೆ ಇಲ್ಲ. ಜನ ದುಡ್ಡು ಕೊಡುವುದು ಕೇಳಿದ ಮಾತಿಗೆ, ನೋಡಿದ ಆಟಕ್ಕೆ. ಪ್ರಾಗ್‌ನಲ್ಲೂ ಸಂಜೆ ಹೊತ್ತು ಏಳೆಂಟು ಜನರನ್ನು ಕರೆದುಕೊಂಡು, ಎರಡು ಮೂರು ಪಬ್‌ನಲ್ಲಿ ಕೂರಿಸಿ, ಬಿಯರ್ ಬಗ್ಗೆ ತಿಳಿಸಿ ಹೇಳುವ ಗೈಡ್‌ಗಳಿದ್ದಾರೆ. ಬುಕ್ ಮಾಡುವ ಮುಂಚೆ ಗುಂಪಿನಲ್ಲಿ ಎಷ್ಟು ಜನ, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಎಲ್ಲರಿಗೂ ಕೂರಲು ಜಾಗ ಇರುತ್ತದಾ ಅಂತ ಕೇಳಿ. ಟಿಕೆಟ್ ಮೇಲೆ "ಬೇಕಾದಷ್ಟು ಕುಡಿಯಿರಿ" ಅಂತ ದೊಡ್ಡದಾಗಿ ಬರೆದಿದ್ದರೆ ಅದನ್ನು ಬಿಟ್ಟುಬಿಡಿ.

ಬೆಂಗಳೂರಿನಿಂದ ಯೂರೋಪ್ ಟೂರ್ ಪ್ಯಾಕೇಜ್ ಮಾಡುವವರಿಗೂ ಎರಡು ಮಾತು. ನಿಮ್ಮ ಪಟ್ಟಿಯಲ್ಲಿ ಪ್ರಾಗ್ ಎದುರಿಗೆ "ನೈಟ್ ಪಬ್ ಕ್ರಾಲ್" ಅಂತ ಇನ್ನೂ ಇದ್ದರೆ ತೆಗೆದುಹಾಕಿ. ಅದರ ಜಾಗದಲ್ಲಿ ಮಧ್ಯಾಹ್ನ ಪ್ಲ್ಜೆನ್‌ಗೆ ಕರೆದುಕೊಂಡು ಹೋಗಿ. ರೈಲಿನಲ್ಲಿ ಒಂದೂವರೆ ಗಂಟೆ ದಾರಿ. ಅಲ್ಲಿನ ಬಿಯರ್ ಕಾರ್ಖಾನೆಯ ನೆಲಮಾಳಿಗೆಗಳಲ್ಲಿ ಮರದ ಪೀಪಾಯಿಯಿಂದ ನೇರ ಬಿಯರ್ ಹಿಡಿದು ಕೊಡುತ್ತಾರೆ. ಜನ ಅದನ್ನು ಊರಿಗೆ ಹೋಗಿ ಹತ್ತು ಮಂದಿಗೆ ಹೇಳುತ್ತಾರೆ. ರೀಲ್ಸ್ ಮಾಡುವವರೂ ಕೇಳಿ: ನಡುರಾತ್ರಿ ಓಣಿಯಲ್ಲಿ ಕೂಗುವ ವಿಡಿಯೋಗೆ ಲೈಕು ಜಾಸ್ತಿ ಬರುತ್ತದೆ, ಗೊತ್ತು. ಅದನ್ನು ನೋಡಿ ಮುಂದಿನ ವರ್ಷ ಇನ್ನೂ ನೂರು ಜನ ಅದನ್ನೇ ಮಾಡುತ್ತಾರೆ. ಅದರ ಬದಲು ಸಂಜೆ ಆರಕ್ಕೆ ಜಿಜ್ಕೋವ್‌ನ ಪಬ್ ತೋರಿಸಿ. ಒಳಗಿರುವವರನ್ನು ಕೇಳಿ ಕ್ಯಾಮೆರಾ ತೆಗೆಯಿರಿ.

ಟಿಕೆಟ್ ಈಗಾಗಲೇ ಬುಕ್ ಆಗಿದ್ದರೆ ರದ್ದು ಮಾಡಲು ಆಗುತ್ತದಾ ನೋಡಿ. ಆಗಲಿಲ್ಲ, ಹೋಗಲೇಬೇಕು ಅಂದರೆ ಮೊದಲು ಹೊಟ್ಟೆ ತುಂಬ ಊಟ ಮಾಡಿ. ಶಾಟ್‌ಗಳನ್ನು ಬೇಡ ಅನ್ನಿ, ಬೇಡ ಅನ್ನಲು ನಿಮಗೆ ಪೂರ್ತಿ ಹಕ್ಕಿದೆ. ನಿಮ್ಮ ಗ್ಲಾಸು ನಿಮ್ಮ ಕೈಯಲ್ಲೇ ಇರಲಿ. ಒಬ್ಬರು ಕುಡಿಯದೆ ಇರಿ, ಬಂದವರನ್ನು ಪ್ರತಿ ಬಾಗಿಲಲ್ಲೂ ಎಣಿಸಿ. ಮೆಟ್ರೋ ನಡುರಾತ್ರಿ ಹೊತ್ತಿಗೆ ನಿಲ್ಲುತ್ತದೆ. ಆಮೇಲೆ 9ರಿಂದ ಶುರುವಾಗುವ ಎರಡಂಕಿ ನಂಬರಿನ ರಾತ್ರಿ ಟ್ರಾಮ್‌ಗಳು ಓಡುತ್ತವೆ, ಲಜಾರ್ಸ್ಕಾ ನಿಲ್ದಾಣದಲ್ಲಿ ಎಲ್ಲ ಸಾಲಿನವೂ ಸಿಗುತ್ತವೆ. ಆಂಬುಲೆನ್ಸ್‌ಗೆ 155, ಪೊಲೀಸರಿಗೆ 158, ಎಲ್ಲದಕ್ಕೂ 112. ಯಾರಾದರೂ ಎಬ್ಬಿಸಿದರೂ ಏಳದಿದ್ದರೆ ಮಲಗಿದರೆ ಸರಿಹೋಗುತ್ತದೆ ಅಂತ ಬಿಡಬೇಡಿ, ಫೋನ್ ಮಾಡಿ. ಫೋನ್ ಮಾಡಿದ್ದಕ್ಕೆ ಇಲ್ಲಿ ಯಾರೂ ಬಯ್ಯುವುದಿಲ್ಲ.

ಊರಿಗೆ ಬಂದಾಗ ತಿಳಿಸಿ. ಕೆಲಸ ಮುಗಿಸಿ ಸಂಜೆ ಐದೂವರೆಗೆಲ್ಲ ನಾನು ಬಿಡುವಾಗಿರುತ್ತೇನೆ. ನಮ್ಮ ಬೀದಿಯ ಹೊಸ್ಪೊದಾದಲ್ಲಿ ಆರು ಜನ ಕೂರುವಷ್ಟು ಟೇಬಲ್ ಇದೆ. ಅದಕ್ಕಿಂತ ಜಾಸ್ತಿ ಜನ ಇದ್ದರೆ ಎರಡು ದಿನ ಮುಂಚೆ ಹೇಳಿ, ಪಕ್ಕದ ಟೇಬಲನ್ನೂ ಹಿಡಿದಿಡಲು ಹೇಳುತ್ತೇನೆ.

ಇಂತಿ,
ಪ್ರಾಗ್‌ನಲ್ಲಿರುವ ನಿಮ್ಮ ಕನ್ನಡಿಗ